ಟೋಪಿಯ ಹಿಂದಿನ ಮೂರನೆಯ ಪುಸ್ತಕ

ಎಪ್ಪತ್ತೊಂದು, ಕೆಂಪು ಅಂಕಿ ಮಿಣುಕಿ ಎಪ್ಪತ್ತೆರಡಾಯಿತು, ಅವಳ ಕೈಯ ಚೀಟಿಯಲ್ಲಿ ಎಂಬತ್ತಾರು, ಇನ್ನೂ ಹದಿನಾಲ್ಕು ಜನ, ಗಡಿಯಾರದಲ್ಲಿ ಐದೂ ಇಪ್ಪತ್ತು, ಅಂಚೆ ಕಚೇರಿ ಮುಚ್ಚುವುದು ಆರಕ್ಕೆ, ನಲವತ್ತು ನಿಮಿಷಕ್ಕೆ ಹದಿನಾಲ್ಕು ಜನ, ಒಬ್ಬರಿಗೆ ಮೂರು ನಿಮಿಷವೂ ಇಲ್ಲ — ಒತಿಲ್ಯಾ ಲೆಕ್ಕ ಹಾಕಿದಳು, ಇನ್ನೊಮ್ಮೆ ಹಾಕಿದಳು, ಸಂಜೆ ಶಾಲೆಯ ಗಣಿತದ ಮೇಷ್ಟ್ರು ನಗುತ್ತಿದ್ದರು, ಉತ್ತರ ಸರಿ ಬಂದ್ಮೇಲೂ ಯಾಕಮ್ಮ ನಿಮಗೆ ಅನುಮಾನ, ಅನುಮಾನ ಇರಬೇಕಲ್ಲ ಮೇಷ್ಟ್ರೇ, ಪರದೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅವಳು ಮಾಡಿದ್ದೇ ಅದು, ದೀಪದ ಮೇಜಿನ ಮೇಲೆ ಹರಿದು ಬರುವ ಜಾಲರಿ ಬಟ್ಟೆಯಲ್ಲಿ ತಪ್ಪು ಹುಡುಕಿ ಕೆಂಪು ದಾರ ಕಟ್ಟುವುದು, ಕಟ್ಟಿದ ಮೇಲೆ ಅದು ನಿಜಕ್ಕೂ ತಪ್ಪೇ ಎಂದು ಮತ್ತೆ ನೋಡುವುದು — ಚೀಲದೊಳಗೆ, ಎಲೆಕೋಸಿಗೂ ಕನ್ನಡಕದ ಡಬ್ಬಿಗೂ ನಡುವೆ, ಆ ಕಾಗದ, ನ್ಯಾಯಾಲಯದ ದಂಡದ ಆದೇಶಕ್ಕೆ ಬರೆದ ಆಕ್ಷೇಪಣೆ, ಆದೇಶ ಕೈಸೇರಿ ಇವತ್ತು ಹದಿನಾಲ್ಕನೆಯ ದಿನ, ಕೊನೆಯ ದಿನ, ಇವತ್ತಿನ ತಾರೀಖಿನ ಮುದ್ರೆ ಬಿದ್ದರೆ ಅವಳ ಮಾತು ಕೇಳುತ್ತಾರೆ, ನಾಳೆಯದು ಬಿದ್ದರೆ ಅವಳು ಗ್ರಂಥಾಲಯದ ಪುಸ್ತಕ ನುಂಗಿದವಳು, ಊರಿನ ಕಡತದಲ್ಲಿ ಶಾಶ್ವತವಾಗಿ ನುಂಗಿದವಳು, ಆದರೆ ಕಾಗದಕ್ಕೆ ಅವಳಿನ್ನೂ ಸಹಿ ಹಾಕಿಲ್ಲ, ಹೇಗೆ ಹಾಕುವುದು, ಅದರಲ್ಲಿ ಬರೆದದ್ದು ಒಂದೇ ಸಾಲು, ಮೂರೂ ಪುಸ್ತಕಗಳನ್ನು ನಾನು ಹಿಂದಿರುಗಿಸಿದ್ದೇನೆ, ಹಿಂದಿರುಗಿಸಿದ್ದೀಯಾ ಒತಿಲ್ಯಾ, ನೆನಪಿದೆಯಾ, ಎದೆ ಮುಟ್ಟಿ ಹೇಳು.

ನೆನಪಿಲ್ಲ. ಅದೇ ತೊಂದರೆ. ಪುಸ್ತಕಗಳ ಹೆಸರೂ ಇಲ್ಲ, ಗ್ರಂಥಾಲಯದ ಪರವಾಗಿ ನ್ಯಾಯಾಲಯಕ್ಕೆ ಹೋದ ವಸೂಲಿ ಕಂಪನಿಯ ಕಾಗದದಲ್ಲಿ ಬರೀ ಮೂರು ಸಂಖ್ಯೆ, ಏಳು ವರ್ಷದ ಹಿಂದೆ ಡಿಸೆಂಬರಿನಲ್ಲಿ ಎರವಲು ಪಡೆದದ್ದು, ದಂಡ, ದಂಡದ ಮೇಲೆ ದಂಡ, ಒಂದು ಸಾವಿರದ ನೂರ ನಲವತ್ತು ಜ್ವೋಟಿ, ಗ್ರಂಥಾಲಯಕ್ಕೆ ಓಡಿದರೆ ಅಲ್ಲಿ ಕೂತ ಹುಡುಗಿ ಉಗುರಿನಿಂದ ಕೀಲಿಮಣೆ ಕುಟ್ಟಿ, ಅಮ್ಮಾ ಕಂಪ್ಯೂಟರ್‌ನಲ್ಲಿ ನಂಬರ್ ಬಿಟ್ರೆ ಏನೂ ಇಲ್ಲ, ಹಳೇ ಪುಸ್ತಕ ಎಲ್ಲಾ ಮೂರು ವರ್ಷದ ಹಿಂದೆ ರದ್ದಿಗೆ ಹೋಯ್ತು, ಕೊರ್ನೆಲ್ಯಾ ಅಮ್ಮ ಇದ್ದಿದ್ರೆ ಹೇಳ್ತಿದ್ರೇನೋ, ಇದ್ದಿದ್ದರೆ ಹೌದು, ಆದರೆ ಕೊರ್ನೆಲ್ಯಾ ಗ್ರಂಥಪಾಲಕಿ ಈಗ ಚರ್ಚಿನ ಹಿಂದಿನ ಸ್ಮಶಾನದಲ್ಲಿದ್ದಾಳೆ, ಎಲ್ಲ ಸಂತರ ದಿನ ಒತಿಲ್ಯಾ ಅವಳ ಸಮಾಧಿಯ ಮೇಲೂ ಒಂದು ದೀಪ ಹಚ್ಚುತ್ತಾಳೆ, ಈ ಸಲ ಯಾವ ಮುಖ ಹೊತ್ತು ಹಚ್ಚುವುದು, ಮೇಲಿನ ಮನೆಯ ಗೆನೊವೆಫಾಳ ಅಕ್ಕನ ಮಗ ರಾದೆಕ್, ಕಾನೂನು ಓದುವವನು, ಬಲು ಸುಲಭದಲ್ಲಿ ಹೇಳಿದ್ದ, ಆಂಟಿ, ಇಷ್ಟು ಹಳೇ ಬಾಕಿ ಕೇಳೋ ಅವಧಿ ಮೀರಿದೆ ಅಂತ ಒಂದು ಸಾಲು ಬರೀರಿ, ಮುಗೀತು, ಅವರು ಬಾಲ ಮಡಚ್ಕೊಂಡು ಹೋಗ್ತಾರೆ, ಇಲ್ಲಪ್ಪಾ ಎಂದಿದ್ದಳು, ಅವಧಿ ಮೀರಿದೆ ಅಂದ್ರೆ ಪುಸ್ತಕ ನಾನು ಇಟ್ಕೊಂಡಿದ್ದೆ, ಕಾಲ ನನ್ನ ಕಾಪಾಡ್ತು ಅಂತ ಅಲ್ವಾ, ಅವನು ಕಣ್ಣು ಮೇಲೆ ಮಾಡಿದ್ದ, ಗೆನೊವೆಫಾ ಗಸಗಸೆ ಕೇಕು ಕೊಯ್ಯುತ್ತ, ಬಿಡೋ ಅವಳ್ನ, ಬಸ್ಸಲ್ಲಿ ಟಿಕೆಟ್ ತಗೊಳ್ಳೋಕೆ ಮರೆತ್ರೆ ಮಾರನೇ ದಿನ ಹುಡುಕ್ಕೊಂಡು ಹೋಗಿ ದುಡ್ಡು ಕೊಡೋ ಜಾತಿ ಅದು — ಎಪ್ಪತ್ತೈದು. ಐದೂವರೆ.

ನಲವತ್ತು ಪುಸ್ತಕ ಒಯ್ದದ್ದು ನೆನಪಿದೆ, ಅದರಲ್ಲಿ ಸಂಶಯವಿಲ್ಲ, ಹಳೆಯ ಶಾಖೆಯ ಮಾಡು ಸೋರುತ್ತಿತ್ತು, ಬೊರೊವಾ ರಸ್ತೆಯಲ್ಲಿ ಹೊಸ ಕಟ್ಟಡ ಎದ್ದಿತ್ತು, ಸಾಗಿಸಲು ಲಾರಿ ಇಲ್ಲ, ಕೊರ್ನೆಲ್ಯಾ ಏಣಿಯ ಮೇಲೆ ನಿಂತು ಕೂಗಿದ್ದಳು, ಲಾರಿಗೆ ದುಡ್ಡಿಲ್ಲವಂತೆ, ಬೇಡ ಬಿಡ್ರೀ, ನನ್ನ ಓದುಗರಿಗೆ ಕೈಕಾಲಿದೆ, ಒಬ್ಬೊಬ್ರು ನಲವತ್ತು ಪುಸ್ತಕ ಎರವಲು ತಗೊಳ್ಳಿ, ಹಬ್ಬ ಕಳೀಲಿ, ಜನವರಿಯಲ್ಲಿ ಹೊಸ ಕಟ್ಟಡದಲ್ಲಿ ವಾಪಸ್ ಕೊಡಿ, ಇಡೀ ಊರೇ ಎರವಲು ಪಡೆಯಿತು, ಮಗುವಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ, ಪಾದ್ರಿಗಳು ತಮ್ಮ ಕಾರಿನಲ್ಲಿ, ಒತಿಲ್ಯಾ ಮಗಳ ಹಳೆಯ ಜಾರುಬಂಡಿಗೆ ಹಗ್ಗ ಕಟ್ಟಿ ಹಿಮದಲ್ಲಿ ಎಳೆದಳು, ಉಸಿರು ಹೊಗೆಯಾಗುತ್ತಿತ್ತು, ಇಷ್ಟು ಖುಷಿ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ, ನಲವತ್ತು ಪುಸ್ತಕ, ಎಲ್ಲಕ್ಕೂ ಗ್ರಂಥಾಲಯದ ಬೂದು ಕಾಗದದ ಹೊದಿಕೆ, ಬೆನ್ನಿನ ಮೇಲೆ ಶಾಯಿಯ ಸಂಖ್ಯೆ, ಹೊದಿಕೆಗಳು ಹರಿದು ಜಿಡ್ಡಾಗಿ ಕಿವಿ ಮಡಚಿಕೊಂಡಿದ್ದವು, ಹೊಸ ಮನೆಗೆ ಹರಕು ಬಟ್ಟೆಯಲ್ಲಿ ಹೋಗುವುದೇ, ಅಂಗಡಿಯಿಂದ ಬೂದು ಕಾಗದ ತಂದಳು, ಹಬ್ಬದ ಮೂರು ದಿನ ಅಡುಗೆಮನೆಯ ಮೇಜಿನ ಮೇಲೆ ಕತ್ತರಿ, ಅಂಟು, ಕಾಗದ, ಹಳೆಯ ಹೊದಿಕೆಗಳು ಒಲೆಗೆ, ಹೊಸತರ ಮೇಲೆ ಸಂಖ್ಯೆಯನ್ನು ನೋಡಿ ನೋಡಿ ಬರೆದಳು, ಒಂದೊಂದು ಅಂಕಿಯನ್ನೂ ಎರಡು ಸಲ ನೋಡಿ, ಹಾಗಾದರೆ ಆ ಮೂರು ಎಲ್ಲಿ ಹೋದವು, ನಕ್ಷತ್ರಗಳ ಪುಸ್ತಕವೊಂದಿತ್ತು, ಅದನ್ನು ವಾಪಸ್ ಕೊಡಲು ಮನಸ್ಸಿರಲಿಲ್ಲ, ಇಟ್ಟುಕೊಂಡೆಯಾ, ಮಂಚದ ಕೆಳಗೆ, ನೆಲಮಾಳಿಗೆಯಲ್ಲಿ, ಉಪ್ಪಿನಕಾಯಿ ಸೀಸೆಗಳ ಹಿಂದೆ, ಹದಿಮೂರು ದಿನದಿಂದ ಹುಡುಕುತ್ತಿದ್ದಾಳೆ, ಇಲ್ಲ, ಇಲ್ಲ ಎಂದ ಮಾತ್ರಕ್ಕೆ ಹಿಂದಿರುಗಿಸಿದಳೆಂದು ಅರ್ಥವೇ.

ಎಪ್ಪತ್ತೊಂಬತ್ತು, ಮುಂದೆ ನಿಂತ ದಪ್ಪ ಹೆಂಗಸಿನ ಕಂಕುಳಲ್ಲಿ ಒಂದು ಪೊಟ್ಟಣ, ಮಗನಿಗೆ ಕಳಿಸುತ್ತಿದ್ದಾಳೋ ಏನೋ, ಸಾಸೇಜಿನ ಬೆಳ್ಳುಳ್ಳಿ ವಾಸನೆ, ಗೋಡೆಗೆ ಅಂಟಿಸಿ ಉಳಿದ ಗೋಡೆಕಾಗದವನ್ನು ಒಳಮಗ್ಗುಲಾಗಿ ತಿರುಗಿಸಿ ಸುತ್ತಿದ್ದಾಳೆ, ಹೊರಗೆಲ್ಲ ಬಿಳಿ, ಮೂಲೆಯಲ್ಲಿ ಹರಿದ ಕಡೆ ಒಳಗಿನ ಹೂವೊಂದು ಇಣುಕುತ್ತಿದೆ, ನೀಲಿ ಹೂವು, ನುಣುಪು, ಹೊಳಪು, ಒರೆಸಿದರೆ ಕಲೆ ಹೋಗುವ ಹೊಳಪು — ಅಯ್ಯೋ — ಚೆರ್ರಿ! ಚೆರ್ರಿ, ಚೆರ್ರಿ, ಅಡುಗೆಮನೆಯ ಗೋಡೆಕಾಗದ, ಕೆಂಪು ಜೋಡಿ ಚೆರ್ರಿ, ಮೇಲೊಂದು ಹಸಿರು ಎಲೆ, ಬೂದು ಕಾಗದ ಮೂವತ್ತೇಳಕ್ಕೇ ಮುಗಿದಿತ್ತು, ಕ್ರಿಸ್‌ಮಸ್‌ನ ಎರಡನೆಯ ದಿನ, ಅಂಗಡಿ ಮುಚ್ಚಿತ್ತು, ಉಳಿದ ಮೂರಕ್ಕೆ ಅಟ್ಟದಿಂದ ಗೋಡೆಕಾಗದದ ತುಂಡು ಇಳಿಸಿದ್ದಳು, ಮೂರು, ಮೂರೇ ಮೂರು, ಆ ನುಣುಪು ಕಾಗದದ ಮೇಲೆ ಶಾಯಿ ನಿಲ್ಲಲೇ ಇಲ್ಲ, ಸಂಖ್ಯೆ ಬರೆದರೆ ಹೆಬ್ಬೆರಳಿಗೆ ಅಂಟಿಕೊಂಡು ಬಂತು, ಕೊರ್ನೆಲ್ಯಾಗೆ ಬಾಯಲ್ಲೇ ಹೇಳಿದರಾಯಿತು ಅಂದುಕೊಂಡಳು, ಜನವರಿಯಲ್ಲಿ ನೋಡಿದರೆ ಕೊರ್ನೆಲ್ಯಾ ಆಸ್ಪತ್ರೆಯಲ್ಲಿ, ಬಾಗಿಲಿನವರೆಗೆ ಸಾಲು, ಹೊಸ ಹುಡುಗಿಯೊಬ್ಬಳು ಕೈಗವಸು ಹಾಕಿಕೊಂಡೇ ಬೆನ್ನಿನ ಸಂಖ್ಯೆ ಓದಿ ಓದಿ ಪಟ್ಟಿಯಲ್ಲಿ ಗೀಟು ಹಾಕುತ್ತಿದ್ದಳು, ನಂಬರ್ ಇಲ್ಲದ್ದಾ, ಆ ಕಪಾಟಲ್ಲಿ ಇಡಿ ಅಮ್ಮಾ, ಆಮೇಲ್ ನೋಡ್ತೀನಿ, ಮುಂದಿನವರು ಬನ್ನಿ, ಮುಂದಿನವರು — ಇಟ್ಟಳು, ತನ್ನ ಕೈಯಾರೆ ಇಟ್ಟಳು, ಆ ಆಮೇಲೆ ಎಂಬುದು ಬರಲೇ ಇಲ್ಲ, ಒತಿಲ್ಯಾಳ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಏನಾಯ್ತಮ್ಮ ಹುಷಾರಿಲ್ವಾ ಎಂದು ದಪ್ಪ ಹೆಂಗಸು ತಿರುಗಿದಳು, ಚೆನ್ನಾಗಿದ್ದೀನಿ, ತುಂಬಾ ಚೆನ್ನಾಗಿದ್ದೀನಿ, ನಿಮ್ಮ ಪೊಟ್ಟಣಕ್ಕೆ ಪುಣ್ಯ ಬರಲಿ, ಹೆಂಗಸು ಪೊಟ್ಟಣವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು, ಐದೂ ನಲವತ್ತೊಂದು, ಆದರೆ ನೆನಪು ಸಾಕ್ಷಿಯೇ, ತನಗೆ ಬೇಕಾದದ್ದನ್ನು ಮನಸ್ಸು ತಾನೇ ಹೊಲಿದುಕೊಳ್ಳುವುದಿಲ್ಲವೇ, ಕೆಂಪು ದಾರ ಕಟ್ಟು, ಮತ್ತೆ ನೋಡು, ಯಾರು ನೋಡಿದ್ದಾರೆ, ಎಲ್ಲಿ ನೋಡುವುದು — ಫೋಟೋ!

ಗೆನೊವೆಫಾ ಫೋನು ಎತ್ತುವುದು ಯಾವಾಗಲೂ ತಡ, ಎತ್ತು ಗೆನ್ಯಾ, ಎತ್ತು, ಯಾರು ಸತ್ರೇ, ಯಾರೂ ಸತ್ತಿಲ್ಲ, ನಿನ್ನ ಹಿಟ್ಟಿನ ಡಬ್ಬಿ ಇರೋ ಬೀರು ತೆಗಿ, ಬಾಗಿಲ ಒಳಗಡೆ ಅಂಟಿಸಿದ್ದೀಯಲ್ಲ ಪೇಪರಿನ ಫೋಟೋ, ಪುಸ್ತಕ ಎಲ್ಲಾ ವಾಪಸ್ ಬಂದ್ಮೇಲೆ ಆದ ಗ್ರಂಥಾಲಯ ಉದ್ಘಾಟನೇದು, ರಿಬ್ಬನ್ ಕತ್ತರಿಸೋ ಕತ್ತರಿ ಇಟ್ಟ ದಿಂಬು ಹಿಡ್ಕೊಂಡು ನೀನು ನಿಂತಿರೋದು, ಅದಾ, ಅದನ್ನ ಮರೆಯೋಕಾಗುತ್ತಾ, ಆವತ್ತು ಆ ಟೋಪಿಗೆ ಮೇಯರ್ರೇ ಮರುಳಾಗಿದ್ರು, ಟೋಪಿ ಬಿಡೇ, ಹಿಂದೆ ಕಪಾಟು ಕಾಣ್ತಿದ್ಯಾ, ಕನ್ನಡಕ ಎಲ್ಲಿಟ್ಟೆ, ತಾಳು, ಮೂಗಿನ ಮೇಲೇ ಇದೆ, ಹೂಂ, ಕಪಾಟು, ಬರೀ ಬೂದು ಬೂದು ಬೂದು, ಇದೇನೇ ಇದು ಕೆಂಪಗೆ, ಲೇ ಒತಿಲ್ಯಾ, ನಿನ್ನ ಅಡುಗೆಮನೆ ಗೋಡೆ ಯಾಕೆ ಇಲ್ಲಿ ಬಂತು! ಒತಿಲ್ಯಾ ಕಿರುಚಿದಳೋ ಏನೋ, ಅಂಚೆ ಕಚೇರಿಯೆಲ್ಲ ತಿರುಗಿ ನೋಡಿತು, ನಂಬರ್ ಬರೀದೆ ನಾನೇ ಹಾಕಿದ ಹೊದಿಕೆ ಕಣೇ ಅವು, ಎಷ್ಟು ಗೆನ್ಯಾ, ಎಷ್ಟಿವೆ ಎಣಿಸು, ಒಂದು, ಎರಡು, ಎರಡು ಕಣೇ, ಸರಿಯಾಗಿ ನೋಡು, ಎರಡೇ ಮಾರಾಯ್ತಿ, ಆಮೇಲೆ ನನ್ನ ಟೋಪಿ, ಅಷ್ಟಗಲ ಇತ್ತಲ್ಲ, ಟೋಪಿಯ ಆಚೆ ಮತ್ತೆ ಬೂದು, ಎರಡು ಅಂದ್ರೇನು ಮೂರು ಅಂದ್ರೇನು, ಮೂರು ಅಂತ ಬರಿ, ನ್ಯಾಯಾಧೀಶರೇನು ನನ್ನ ಟೋಪಿ ಎತ್ತಿ ನೋಡ್ತಾರಾ, ಮತ್ತೆ ಹೊದಿಕೆ ಬದಲಾಯ್ಸಿದ್ದು ನಾನೇ ಅಂತೆಲ್ಲಾ ಬರಿಯೋಕೆ ಹೋಗ್ಬೇಡ, ಗೊತ್ತು ನಿನ್ನ ಬುದ್ಧಿ, ನೀನೇ ನಿನ್ನ ಕೊರಳಿಗೆ ಹಗ್ಗ ಹಾಕ್ಕೋತೀಯ.

ಎರಡು. ಎಂಬತ್ಮೂರು, ಐದೂ ನಲವತ್ತೊಂಬತ್ತು, ಮೂರರಲ್ಲಿ ಎರಡು, ನಕ್ಷತ್ರಗಳದ್ದನ್ನು ಮಾತ್ರ ಇಟ್ಟುಕೊಂಡಿದ್ದರೆ, ಎರಡನ್ನು ಹಿಂದಿರುಗಿಸಿದವಳು ಮೂರನೆಯದರ ಕಳ್ಳಿ, ಗೆನ್ಯಾ ಕಿವಿಯಲ್ಲಿ ಇನ್ನೂ ಟೋಪಿಯ ಕಥೆ ಹೇಳುತ್ತಿದ್ದಾಳೆ, ಅದೇ ಟೋಪಿ ಕಣೇ, ಕಂದು ಬಣ್ಣದ ಉಣ್ಣೇದು, ಮೇಲೊಂದು ಹಸಿರು ಎಲೆ ಥರ, ಏನಂದೆ, ಹಸಿರಾ, ಟೋಪಿ ಮೇಲೆ, ನಿನ್ನ ಟೋಪಿಗೆ ಎಲೆ ಎಲ್ಲಿತ್ತೇ, ಇರ್ಲಿಲ್ಲ ಅಲ್ವಾ, ಬರೀ ಒಂದು ಗುಂಡಿ ಇತ್ತು, ಹಾಗಾದ್ರೆ ಈ ಎಲೆ ಎಲ್ಲಿಂದ ಬಂತು — ಮೂವತ್ತು ವರ್ಷ ದೀಪದ ಮೇಜಿನ ಮುಂದೆ ಕೂತ ಕಣ್ಣು ಎಚ್ಚರವಾಯಿತು, ಬಟ್ಟೆಯಲ್ಲಿ ಹೂವು ಎಲ್ಲಿ ಬರಬೇಕೋ ಅಲ್ಲೇ ಬರಬೇಕು, ಒಂದು ಬೆರಳು ಆಚೀಚೆಯಾದರೆ ಕೆಂಪು ದಾರ, ಆ ಮೂರು ಹೊದಿಕೆಗಳನ್ನು ಅವಳು ಕೈಗೆ ಸಿಕ್ಕಂತೆ ಕತ್ತರಿಸಿರಲಿಲ್ಲ, ಅವಳಿಂದ ಅದು ಆಗದ ಮಾತು, ಎಲೆ ಬೆನ್ನಿನ ತುತ್ತತುದಿಗೆ ಬರುವ ಹಾಗೆ, ಮೂರರಲ್ಲೂ ಒಂದೇ ಕಡೆ, ಕಾಗದ ದಂಡವಾದರೂ ಅಡ್ಡಿಯಿಲ್ಲ ಎಂದು ಅಳೆದು ಕತ್ತರಿಸಿದ್ದಳು, ಗೆನ್ಯಾ, ನಿನ್ನ ದಮ್ಮಯ್ಯ, ಆ ಎರಡರಲ್ಲಿ ಎಲೆ ಎಲ್ಲಿದೆ, ಎಲ್ಲಿದೆ ಅಂದ್ರೆ, ಮೇಲೋ ಕೆಳಗೋ, ಮೇಲೆ, ತುದೀಲಿ, ಎರಡರಲ್ಲೂ, ಟೋಪಿ ಮೇಲಿರೋ ಎಲೆ, ಎಷ್ಟು ಎತ್ತರದಲ್ಲಿದೆ, ತಾಳು ಬಟ್ಟೆ ಅಳೆಯೋ ಪಟ್ಟಿ ತರ್ತೀನಿ, ಬೇಗ ಗೆನ್ಯಾ, ಎಂಬತ್ತೈದು ಬಂತು, ಬಂದೆ ಬಂದೆ, ಪಟ್ಟಿ ಇಟ್ಟೆ, ಒಂದೇ ಸಾಲು ಕಣೇ! ಗೆರೆ ಎಳೆದ ಹಾಗೆ! ಮೂರೂ ಒಂದೇ ಸಾಲು, ಹಾಳಾದ್ ಟೋಪಿ, ಏಳು ವರ್ಷದಿಂದ ದಿನಾ ಹಿಟ್ಟು ತೆಗೆಯುವಾಗ ನೋಡ್ತಿದ್ದೀನಲ್ಲೇ!

ಎಂಬತ್ತಾರು, ಎಂಬತ್ತಾರು ಯಾರ್ರೀ, ನಾನು, ನಾನೇ, ಕಾಲು ಓಡುತ್ತಿದೆ, ಎಲೆಕೋಸು ಕೌಂಟರಿನ ಮೇಲೆ ಉರುಳುತ್ತಿದೆ, ಗಾಜಿನ ಹಿಂದಿನವಳು ಗಡಿಯಾರ ನೋಡುತ್ತಾಳೆ, ಅಮ್ಮಾ ಇದಕ್ಕೆ ಸಹಿನೇ ಇಲ್ವಲ್ಲಾ, ಈಗ ಹಾಕ್ತೀನಿ, ಎರಡು ಸಾಲು ಬರೆಯೋದಿದೆ, ಎರಡು ಸಾಲಾ, ಐದು ನಿಮಿಷ ಇದೆ ಅಷ್ಟೇ, ಬರಿ, ಸಂಖ್ಯೆ ಇದ್ದ ಹೊದಿಕೆಗಳನ್ನು ತೆಗೆದವಳು ನಾನೇ, ಆ ತಪ್ಪು ನನ್ನದು — ಗೆನ್ಯಾ ಬೈಯಲಿ, ರಾದೆಕ್ ತಲೆ ಚಚ್ಚಿಕೊಳ್ಳಲಿ — ಪುಸ್ತಕಗಳು ಉದ್ಘಾಟನೆಯ ದಿನ ಕಪಾಟಿನಲ್ಲಿದ್ದವು, ಪತ್ರಿಕೆಯ ಚಿತ್ರದಲ್ಲಿ ಎರಡು ಕಾಣುತ್ತವೆ, ಮೂರನೆಯದು ಟೋಪಿಯ ಹಿಂದೆ ಇದೆ, ಅದರ ಎಲೆ ಮಾತ್ರ ಕಾಣುತ್ತದೆ, ಎಲೆ ನನ್ನದು, ಅಳೆದು ಕತ್ತರಿಸಿದ್ದು ನಾನು, ಓದಿದವರು ನಕ್ಕರೆ ನಗಲಿ, ಸಹಿ, ಒಂದೇ ಏಟಿಗೆ ಸಹಿ, ಎರಡನೆಯ ಸಲ ನೋಡಲಿಲ್ಲ, ಜೀವನದಲ್ಲಿ ಮೊದಲ ಸಲ ನೋಡಲಿಲ್ಲ, ಗಾಜಿನ ಹಿಂದಿನವಳು ಲಕೋಟೆ ಅಂಟಿಸಿ, ಯಾವ ಟೋಪಿನಮ್ಮಾ ಇದು, ಎನ್ನುತ್ತ ಮುದ್ರೆ ಎತ್ತಿದಳು, ಧಡ್, ಇವತ್ತಿನ ತಾರೀಖು, ಐದೂ ಐವತ್ತೆಂಟು, ಹಿಂದೆ ಯಾರೋ ಬಾಗಿಲು ಎಳೆಯುತ್ತಿದ್ದಾರೆ, ದೀಪಗಳು ಒಂದೊಂದಾಗಿ ಆರುತ್ತಿವೆ, ಒತಿಲ್ಯಾ ಎಲೆಕೋಸನ್ನು ಎದೆಗೊತ್ತಿಕೊಂಡು ನಿಂತೇ ಇದ್ದಾಳೆ, ಕಣ್ಣ ಮುಂದೆ ಕಂದು ಟೋಪಿ, ಟೋಪಿಯ ಮೇಲೆ ಒಂದು ಹಸಿರು ಎಲೆ, ಒಂದು ಎಲೆ, ತುದಿಯಲ್ಲಿ, ಸರಿಯಾಗಿ ಅದೇ ಸಾಲಿನಲ್ಲಿ