ಬಾಬುಮಿಯಾ ಕಟ್ಟಿದ ಹೊರೆ

ಬಾಬುಮಿಯಾ ಕಟ್ಟಿದ ಹೊರೆ ಕದಲುವುದಿಲ್ಲ ಎಂಬುದು ವಾಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಸಿಮೆಂಟ್ ಫ್ಯಾಕ್ಟರಿಯ ಮೋಟಾರಿರಲಿ, ಶಹಾಬಾದಿನ ಕಲ್ಲು ಕೊಯ್ಯುವ ಯಂತ್ರವಿರಲಿ, ರೈಲ್ವೆ ಕ್ವಾರ್ಟರ್ಸಿನವರ ಗಾಜಿನ ಕಪಾಟಿರಲಿ, ಅವನ ಟೆಂಪೊ ಏರಿತೆಂದರೆ ಏರಿಸಿದ ಹಾಗೆಯೇ ಇಳಿಯುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಅವನ ಹೊರೆ ಕದಲಿದ್ದು ಒಂದೇ ಸಲ. ಆ ಸಲ ಅವನ ಪಕ್ಕದಲ್ಲಿ ಕೂತಿದ್ದವನು ನಾನು.

ನಾನು ಪ್ರಾಣೇಶ, ಸೇಡಂನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಗುರುತ್ವ ಕೇಂದ್ರ, ಘರ್ಷಣೆ, ಜಡತ್ವ ಎಂದು ವರ್ಷಾವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕೈ ಬೆಳ್ಳಗೆ ಮಾಡಿಕೊಂಡವನು. ಜೊತೆಗೆ ನಮ್ಮ ಓಣಿಯ ದೇವಸ್ಥಾನದ ಕಮಿಟಿಗೆ ಕಾರ್ಯದರ್ಶಿ. ಎರಡೂ ಕಡೆ ನಾನು ಹೇಳಿದ್ದೇ ಕೊನೆಯ ಮಾತು ಎಂದು ಮೆರೆಯುತ್ತಿದ್ದ ಕಾಲವದು. ೧೯೯೮.

ನಮ್ಮ ದೇವಸ್ಥಾನದ ಅಡುಗೆ ಕಟ್ಟಿಗೆಯ ಒಲೆಯ ಮೇಲೆಯೇ ಆಗಬೇಕು. ಕಟ್ಟಿಗೆ ಒಡೆಯುತ್ತಿದ್ದ ಸಾಯಬಣ್ಣನಿಗೆ ಸೊಂಟ ಹಿಡಿದು ಕೊಡಲಿ ಎತ್ತಲಾಗದೆ ಹೋದಾಗ, ಕಟ್ಟಿಗೆ ಸೀಳುವ ಮಷೀನು ಮಾಡಿಸೋಣ ಎಂದು ಕಮಿಟಿ ತೀರ್ಮಾನಿಸಿತು. ಶಹಾಬಾದಿನಲ್ಲಿ ವರ್ಕ್‌ಶಾಪ್ ಇಟ್ಟಿದ್ದ ವಿಠ್ಠಲ್ ಮಾಡಿಕೊಟ್ಟ. ಅವನು ನಮ್ಮವನೇ, ಕಮಿಟಿಯ ಸದಸ್ಯ ಕೂಡ. ಕೆಳಗೆ ಕಬ್ಬಿಣದ ಪೀಠ, ಮೇಲೆ ಮೋಟಾರು, ಎದುರಿಗೆ ತಿರುಗುವ ಚೂಪು ಮೂತಿ. ಒಟ್ಟು ಏಳು ಕ್ವಿಂಟಲ್, ಅದರಲ್ಲಿ ಮುಕ್ಕಾಲು ಭಾರ ಮೇಲೆಯೇ. ಇಂಥ ತಲೆಭಾರದ ಸಾಮಾನನ್ನು ತರಬೇಕಾದರೆ ಬಾಬುಮಿಯಾನೇ ಆಗಬೇಕು ಎಂದು ಎಲ್ಲರೂ ಹೇಳಿದರು.

ಅಂದು ಬುಧವಾರ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಸೇಡಂ ಮುಟ್ಟಬೇಕೆಂದು ನಾನು ಬೆಳಿಗ್ಗೆ ಎಂಟಕ್ಕೇ ಶಹಾಬಾದಿನಲ್ಲಿದ್ದೆ. ನನ್ನ ಹೆಂಡತಿ ಜಾನಕೀಬಾಯಿ ಕಟ್ಟಿಕೊಟ್ಟಿದ್ದ ಅರಿಶಿನ, ಕುಂಕುಮ, ತೆಂಗಿನಕಾಯಿ ತೆಗೆದು ಮಷೀನಿಗೆ ಪೂಜೆ ಮಾಡಿದೆ. ಪೀಠದ ನಾಲ್ಕೂ ಮೂಲೆಗೆ ಕುಂಕುಮ ಹಚ್ಚಿದೆ. ಬಾಬುಮಿಯಾ ಟೋಪಿ ಸರಿಮಾಡಿಕೊಂಡು ಅಷ್ಟೂ ಹೊತ್ತು ದೂರ ನಿಂತಿದ್ದ.

ಆಮೇಲೆ ಅವನ ಕೆಲಸ ಶುರುವಾಯಿತು. ಅದನ್ನು ನೋಡುವುದೇ ಒಂದು ಪಾಠ. ಮೊದಲು ಟೆಂಪೊದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆಂದು ತಳಕ್ಕೆ ಗೋಣಿಚೀಲ ಹಾಸಿದ. ದಪ್ಪ ಹಲಗೆಗಳನ್ನು ಇಳಿಜಾರಾಗಿ ಹಚ್ಚಿ, ಚೈನ್‌ಪುಲ್ಲಿಯಿಂದ ಮಷೀನನ್ನು ಗೇಣು ಗೇಣಾಗಿ ಎಳೆದುಕೊಂಡ. ಎಳೆಯುವಾಗ ಕೆಳಗೆ ಯಾರನ್ನೂ ನಿಲ್ಲಗೊಡಲಿಲ್ಲ. ಭಾರದ ಮಗ್ಗುಲನ್ನು ಕ್ಯಾಬಿನ್ನಿನ ಕಡೆ ಮಾಡಿ ನಿಲ್ಲಿಸಿ ನಾಲ್ಕೂ ಕಡೆ ಕಟ್ಟಿಗೆಯ ಬೆಣೆ ಬಡಿದ. ನಾನು ವರ್ಷವಿಡೀ ಬಾಯಲ್ಲಿ ಹೇಳುವುದನ್ನು ಅವನು ಕೈಯಲ್ಲಿ ಮಾಡುತ್ತಿದ್ದ.

ಕೊನೆಗೆ ಸರಪಳಿ. ಅದನ್ನು ಪೀಠದ ಸುತ್ತ ಹಾಯಿಸಿ, ಚಪ್ಪಲಿ ಬಿಟ್ಟು, ಪೀಠಕ್ಕೆ ಬಲಗಾಲು ಒತ್ತಿ ಮೈಭಾರವೆಲ್ಲ ಹಿಂದಕ್ಕೆ ಹಾಕಿ ಎಳೆಯಬೇಕೆಂದು ಕಾಲೆತ್ತಿದ.

"ಏ, ಕಾಲ ಇಡಬ್ಯಾಡ! ಪೂಜಾ ಆಗ್ಯದ" ಎಂದು ನಾನು ಚೀರಿದೆ.

ಅವನು ಎತ್ತಿದ ಕಾಲನ್ನು ಹಾಗೆಯೇ ಕೆಳಗಿಟ್ಟ. "ಸರ್, ಕಾಲ ಒತ್ತಲಾರ್ದ ಸರಪಳಿ ಬಿಗಿ ಆಗಂಗಿಲ್ರಿ."

"ಕೈಲೆ ಎಳಿ. ಇಷ್ಟು ವರ್ಷ ಏನ್ ಕಲ್ತಿ?"

ಅವನು ಕೈಯಿಂದಲೇ ಎಳೆದ. ಕುತ್ತಿಗೆಯ ನರ ಉಬ್ಬಿದವು. ಕೊಕ್ಕೆ ಬೀಳಬೇಕಾದ ಕಡೆಗಿಂತ ಎರಡು ಕೊಂಡಿ ಹಿಂದೆಯೇ ನಿಂತಿತು.

ಚಿತ್ತಾಪುರದ ಹತ್ತಿರ ಗಾಡಿ ನಿಲ್ಲಿಸಿ ಇಳಿದು ಸರಪಳಿ ಮುಟ್ಟಿ ನೋಡಿದ. ನನ್ನ ಕಿಟಕಿಗೆ ಬಂದ. "ಸಡ್ಲ ಆಗಾಕತ್ಯದ್ರಿ. ಇಲ್ಲಿ ಯಾರೂ ಇಲ್ಲ. ಒಂದ್ ಸಲ ಕಾಲ ಇಡ್ಲೇನ್ರಿ?"

ನಾನು ಗಡಿಯಾರ ನೋಡಿದೆ. "ಯಾರೂ ಇಲ್ಲಂದ್ರ ದೇವ್ರಿಗೆ ಕಾಣಂಗಿಲ್ಲೇನು? ಕೈಲೆ ಎಳ್ದು ನಡಿ, ಹೊತ್ತಾತು" ಎಂದೆ. ಆ ಉತ್ತರ ಕೊಟ್ಟು ನನ್ನನ್ನು ನಾನೇ ಮೆಚ್ಚಿಕೊಂಡದ್ದೂ ನೆನಪಿದೆ.

ಕಾಗಿಣಾ ಹೊಳೆಯ ಸೇತುವೆ ಇನ್ನೂ ಮುಂದಿತ್ತು. ಎಮ್ಮೆಗಳ ಹಿಂಡು ರಸ್ತೆಗೆ ಬಂತು, ಬಾಬುಮಿಯಾ ಬ್ರೇಕ್ ಒತ್ತಿದ. ಗಾಡಿ ನಿಂತಿತು, ಹಿಂದಿನದು ನಿಲ್ಲಲಿಲ್ಲ. ಕಬ್ಬಿಣ ನರಳಿದ ಸದ್ದಿಗೆ ಅವನು ಜಿಗಿದು ಹಿಂದಕ್ಕೋಡಿದ. ನಾನಿಳಿದು ನೋಡುವಷ್ಟರಲ್ಲಿ ಮಷೀನು ಒಂದು ಮಗ್ಗುಲಿಗೆ ವಾಲಿತ್ತು, ಬೆಣೆ ಹಾರಿಹೋಗಿತ್ತು. ಅವನು ಎಡಗೈಯಿಂದ ಬೆಣೆಯನ್ನು ಮತ್ತೆ ತುರುಕುತ್ತಿದ್ದ. "ದೂರ ಹೋಗ್ರಿ ಸರ್!" ಎಂದು ಕೂಗಿದ. ನಾನು ದೂರ ಹೋದೆ. ಮಷೀನು ಅವನ ಕೈಯ ಮೇಲೆ ಕೂತು, ಆಮೇಲೆ ರಸ್ತೆಗೆ ಉರುಳಿತು.

ಎರಡು ಬೆರಳು ಹೋದವು.

ಕಮಿಟಿಯ ಸಭೆಯಲ್ಲಿ ಅಧ್ಯಕ್ಷರು ಕೇಳಿದರು: "ಮಾಸ್ತರ್, ಇದು ಹ್ಯಾಂಗಾತ್ರಿ?"

"ಸರಪಳಿ ಬಿಗಿ ಇರಲಿಲ್ರಿ" ಎಂದೆ.

ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೇ ಆ ಮಾತಿನ ಬಗ್ಗೆ ನನಗೆ ಇಷ್ಟು ಹೇಸಿಗೆ. ಸುಳ್ಳಾಡಿದ್ದರೆ ಯಾರಾದರೂ ಹಿಡಿಯುತ್ತಿದ್ದರೇನೋ. ಎಲ್ಲರೂ ತಲೆಯಾಡಿಸಿದರು, ಬಾಬುಮಿಯಾಗೆ ವಯಸ್ಸಾಯಿತು ಎಂದರು. ನನ್ನ ಆ ಮಾತು ಸೇಡಂನಿಂದ ವಾಡಿಗೆ ನನಗಿಂತ ಮೊದಲೇ ಮುಟ್ಟಿತು. ಮೊದಲು ಫ್ಯಾಕ್ಟರಿಯವರು ಅವನನ್ನು ಕರೆಯುವುದು ಬಿಟ್ಟರು, ಆಮೇಲೆ ಕಲ್ಲಿನವರು. ಅವನ ಟೆಂಪೊ ಕಾಳಗಿಯ ಸಂತೆಗೆ ಉಳ್ಳಾಗಡ್ಡಿ ಹೊರತೊಡಗಿತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಕಂಡು ನಾನು ಪೇಪರ್ ಅಂಗಡಿಯೊಳಗೆ ಹೊಕ್ಕು, ನನಗೆ ಓದಲು ಬಾರದ ತೆಲುಗು ಪತ್ರಿಕೆ ಕೊಂಡೆ.

ಹೀಗೆ ಐದು ವರ್ಷ ಬದುಕಿದೆ. ತರಗತಿಯಲ್ಲಿ ಜಡತ್ವದ ಪಾಠ ಬಂದಾಗಲೆಲ್ಲ ಬೇಗ ಬೇಗ ಮುಗಿಸುತ್ತಿದ್ದೆ.

೨೦೦೩ರಲ್ಲಿ ಕೋಡ್ಲಾ ರಸ್ತೆಯಲ್ಲಿ ದೇವಸ್ಥಾನದ ಹೊಸ ಕಲ್ಯಾಣ ಮಂಟಪವಾಯಿತು. ರಿಪೇರಿಯಾಗಿ ಕೆಲಸ ಮಾಡುತ್ತಿದ್ದ ಅದೇ ಮಷೀನನ್ನು ಅಲ್ಲಿಗೆ ಒಯ್ಯಬೇಕು. ಸಭೆಯಲ್ಲಿ ಅಧ್ಯಕ್ಷರು ನಗುತ್ತಾ, "ಆ ಬಾಬುಮಿಯಾನ್ನ ಮಾತ್ರ ಕರೀಬ್ಯಾಡ್ರಿ, ಅವನಿಗಿ ಕಟ್ಟಾಕ ಬರಂಗಿಲ್ಲ" ಎಂದರು. ಎಲ್ಲರೂ ನಕ್ಕರು. ನನ್ನ ಮುಖವೂ ನಕ್ಕಿತು.

ಭಾನುವಾರ ವಾಡಿಗೆ ಹೋದೆ. ಬಾಬುಮಿಯಾ ಗಾಬರಿಯಿಂದ ಎದ್ದು, "ಬರ್ರಿ ಸರ್, ಕುಂದ್ರಿ" ಎಂದು ಕುರ್ಚಿ ಒರೆಸಿದ. ಅವನ ಹೆಂಡತಿ ಖುರ್ಷಿದಬೇಗಂ ಚಹಾ ತಂದಿಟ್ಟು, "ಇವ್ರದೇ ತಪ್ಪರೀ ಅವತ್ತು. ಸರಪಳಿ ನೋಡಲಾರ್ದ ಗಾಡಿ ಹೊಡದ್ರಂತ. ನಿಮ್ಮ ದೇವ್ರ ಸಾಮಾನ ಹಾಳಾತು" ಎಂದಳು.

ಅವಳು ಒಳಗೆ ಹೋದ ಮೇಲೆ ನಾನು ಅವನ ಮುಖ ನೋಡಿದೆ. "ಮನ್ಯಾಗೂ ಹೇಳಿಲ್ಲೇನು?"

"ಏನ್ ಹೇಳ್ಬೇಕ್ರಿ? ಪೂಜಾದ ಸಾಮಾನಕ್ಕ ಬಾಬುಮಿಯಾ ಕಾಲ ಹಚ್ಚಾಕ ಹೋಗಿದ್ದ ಅನ್ನೋ ಮಾತು ಊರಾಗ ಬಿದ್ರ ಅದು ಎಲ್ಲಿಗಿ ಹೋಗಿ ನಿಲ್ತದೋ ಯಾರಿಗಿ ಗೊತ್ತು. ನನ್ನ ಹೆಸರು ಒಂದ್ ಹೋಯ್ತು, ಹೋಗ್ಲಿ ಅಂದೆ."

ನಾನು ಚಹಾ ಕಪ್ಪು ಕೆಳಗಿಟ್ಟೆ. "ನಾನೇ ಹೇಳ್ತೀನಿ. ಕಮಿಟಿಯಾಗ, ಎಲ್ಲಾರ ಮುಂದ. ಕಾಲ ಇಡಬ್ಯಾಡ ಅಂದಾಂವ ನಾನು ಅಂತ."

ಅವನು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹೇಳೋದಿದ್ರ ಪೂರಾ ಹೇಳ್ರಿ ಸರ್. ಪೂಜಾ ಆದ ಮ್ಯಾಲ ವಿಠ್ಠಲಸಾಹೇಬ್ರು ಮೋಟಾರಿನ ನಟ್ ಬಿಗಿ ಮಾಡಾಕ ಅದೇ ಪೀಠದ ಮ್ಯಾಲ ಬೂಟುಗಾಲಿಲೆ ನಿಂತಿದ್ರು. ನೀವು ಬಾಜೂಕೇ ಇದ್ರಿ."

ಹೌದು. ನಿಂತಿದ್ದ. ಕುಂಕುಮದ ಮೇಲೆಯೇ ನಿಂತಿದ್ದ. ನಟ್ ತಿರುಗಿಸುವ ಪಾನಾ ಅವನಿಗೆ ನಾನೇ ಎತ್ತಿಕೊಟ್ಟಿದ್ದೆ. ಐದು ವರ್ಷದಿಂದ ನಾನು ಬಚ್ಚಿಟ್ಟದ್ದು ಅದನ್ನೇ. ಈ ಕಥೆಯಲ್ಲಿಯೂ ಇಷ್ಟು ಹೊತ್ತು ಬಚ್ಚಿಟ್ಟೆ. ಬಾಬುಮಿಯಾ ಅಂದು ದೂರ ನಿಂತು ನೋಡಿದ್ದನೆಂದು ನನಗೆ ಹೊಳೆದಿರಲೇ ಇಲ್ಲ.

ಮುಂದಿನ ಸಭೆಯಲ್ಲಿ ಎದ್ದು ನಿಂತು ಮೊದಲರ್ಧ ಹೇಳಿದೆ. "ಕಾಲ ಇಡಬ್ಯಾಡ ಅಂದಾಂವ ನಾನೇ. ಅದಕ್ಕೇ ಸರಪಳಿ ಬಿಗಿ ಆಗಲಿಲ್ಲ."

"ಸರಿಯಾಗೇ ಅಂದೀರಿ. ನಿಮ್ಮಂಥವ್ರು ಇರೋದಕ್ಕ ಮಡಿ ಉಳದದ" ಎಂದರು ಅಧ್ಯಕ್ಷರು. ನಾಲ್ಕೈದು ಜನ ಮೆಚ್ಚಿ ನೋಡಿದರು. ಅಲ್ಲಿಗೇ ಕೂತುಬಿಡಬಹುದಿತ್ತು. ತಪ್ಪೊಪ್ಪಿಕೊಂಡ ಪುಣ್ಯ, ಮೇಲೆ ಹೊಗಳಿಕೆ. ಎದುರು ಸಾಲಿನಲ್ಲಿ ವಿಠ್ಠಲ್ ಕೂತಿದ್ದ. ಕೂರಬೇಕೆಂದು ನನ್ನ ಮೊಣಕಾಲು ಬಾಗಿದ್ದೂ ನಿಜ.

"ಅದಕ್ಕಿಂತ ಮೊದ್ಲ ವಿಠ್ಠಲ್ ಬೂಟು ಹಾಕ್ಕೊಂಡು ಅದೇ ಪೀಠದ ಮ್ಯಾಲ ನಿಂತಿದ್ದ. ನಾ ಏನೂ ಅನ್ನಲಿಲ್ಲ. ಬಾಬುಮಿಯಾ ಚಪ್ಪಲಿ ಬಿಟ್ಟು ಕಾಲೆತ್ತಿದ, ಆವಾಗ ಚೀರ್ದೆ. ನಾ ಕಾಯ್ದದ್ದು ಮಡಿ ಅಲ್ರಿ."

ವಿಠ್ಠಲ್ ತನ್ನ ಕಾಲು ನೋಡಿಕೊಂಡ. ಕೊನೆಗೆ ಅಧ್ಯಕ್ಷರು ಕನ್ನಡಕ ಒರೆಸುತ್ತಾ, "ಮಷೀನು ಒಯ್ಯಾಕ ಅವನಿಗೇ ಹೇಳಿ ಕಳಸ್ರಿ" ಎಂದರು.

ಬಾಬುಮಿಯಾ ಬಂದ. ಕಮಿಟಿಯವರೆಲ್ಲ ಅಂಗಳದಲ್ಲಿ ನಿಂತಿದ್ದರು. ಗಾಲಿಗೆ ಕಲ್ಲು ಕೊಟ್ಟ, ಗೋಣಿಚೀಲ ಹಾಸಿದ, ಮೂರು ಬೆರಳಿನ ಎಡಗೈಯಿಂದ ಬೆಣೆ ಹಿಡಿದು ಬಡಿದ. ಸರಪಳಿ ಹಾಯಿಸಿದ. ಚಪ್ಪಲಿ ಬಿಟ್ಟ. ಕಾಲೆತ್ತುವ ಮೊದಲು ಎಲ್ಲರನ್ನೂ ಬಿಟ್ಟು ನನ್ನ ಕಡೆ ತಿರುಗಿದ.

"ಇಡ್ಲೇನ್ರಿ ಸರ್?"

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೇ ನನ್ನ ಅಪ್ಪಣೆ ಕೇಳುತ್ತಿದ್ದ. ಮುಂದೆಯೂ ಪ್ರತಿ ಸಲ ಕೇಳುತ್ತಾನೆ, ಅದನ್ನು ಅವನಿಗೆ ಕಲಿಸಿದವನು ನಾನು.

"ಇಡ್ರಿ" ಎಂದೆ, ನೆಲ ನೋಡುತ್ತಾ.