ಗುಡ್ಡ ಇಳಿದ ಚುಕ್ಕಿ

ಅಣೆಕಟ್ಟು ಒಡೆದರೆ ಕೆಳಗಿನ ಹಳ್ಳಿಯ ಇನ್ನೂರ ಹನ್ನೆರಡು ಜನ ಎಷ್ಟು ನಿಮಿಷದಲ್ಲಿ ಗುಡ್ಡದ ಮೇಲಿನ ಚರ್ಚು ಮುಟ್ಟುತ್ತಾರೆ? ಯೆರ್ನೇಯಾ ಈ ಲೆಕ್ಕವನ್ನು ಸಂಜೆಯೊಳಗೆ ಕೊಡಬೇಕಿತ್ತು. ನೀರು ಬರುವುದಕ್ಕೆ ಅವಳು ಹೇಳಿದಷ್ಟೇ ನಿಮಿಷ ಮುಂಚೆ ಸೈರನ್ ಕೂಗುತ್ತದೆ. ಲೆಕ್ಕ ತಪ್ಪಿದರೆ ಜನ ಮುಳುಗುತ್ತಾರೆ. ಹಳ್ಳಿ ಅವಳ ತವರು ಬೇರೆ.

ಕಂಪ್ಯೂಟರಿನ ಮಾದರಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ. ಮಂಡಿನೋವು, ಹಿಮ, ಇಕ್ಕಟ್ಟಾದ ಸೇತುವೆ ಎಲ್ಲವನ್ನೂ ಸೇರಿಸಿದ್ದಳು. ಕಳೆದ ಭಾನುವಾರ ಅಪ್ಪ ಸೂಪು ಹೀರುತ್ತಾ, "ನನ್ನ ಜೇನುಹುಳಗಳನ್ನ ಲೆಕ್ಕಕ್ಕೆ ಸೇರಿಸಿದ್ಯೇನೇ? ಅವುಗಳನ್ನ ನೋಡ್ದೆ ನಾನಂತೂ ಗುಡ್ಡ ಹತ್ತಲ್ಲ" ಅಂದಿದ್ದ. ಅವಳು ನಕ್ಕುಬಿಟ್ಟಿದ್ದಳು. ಕಂಡದ್ದೆಲ್ಲ ತುಂಬಿದರೆ ಅದು ಮಾದರಿಯಲ್ಲ, ಸಂತೆ ಎಂದು ಮೇಲಧಿಕಾರಿ ಬೋಜಿದಾರ್ ಗದರಿದ್ದ. 'ಯಾರೂ ಹಿಂದಿರುಗುವುದಿಲ್ಲ' ಎಂಬ ನಿಯಮ ಹಾಕಿಸಿದ್ದ. ಹದಿನೆಂಟು ನಿಮಿಷ ಸಾಕೆಂದು ಲೆಕ್ಕ ಬಂದಿತ್ತು.

ಮಧ್ಯಾಹ್ನದ ಕೊನೆಯ ಪರೀಕ್ಷೆಯಲ್ಲಿ ಒಂದು ಚುಕ್ಕಿ ಆ ನಿಯಮ ಮೀರಿ ಅರ್ಧ ಗುಡ್ಡದಿಂದ ವಾಪಸು ಇಳಿಯಿತು. ತವರುಮನೆಯ ಹಿತ್ತಲಿಗೆ ಹೋಗಿ, ನಿಂತು ನಿಂತು ನಡೆಯಿತು. ಅವಳು ಎಣಿಸಿದಳು, ಹದಿಮೂರು ಸಲ. ಅಪ್ಪನ ಜೇನುಗೂಡುಗಳೂ ಹದಿಮೂರು. ಆದರೆ ಮಾದರಿಯಲ್ಲಿ ಗೂಡೇ ಇರಲಿಲ್ಲ. ಇಳಿದದ್ದು ಅಪ್ಪನದೇ ಚುಕ್ಕಿ. ಅದನ್ನು ಅಳಿಸಿ ಮಾದರಿಯನ್ನು ಮತ್ತೆ ಓಡಿಸಿದಳು. ಅಳಿಸಿದ್ದರೂ ಅದು ಮತ್ತೆ ಮೂಡಿ, ಮತ್ತೆ ಇಳಿಯಿತು.

ಅಷ್ಟರಲ್ಲಿ ತಮ್ಮ ಟೀನೆಯ ಫೋನು ಬಂತು. ಬೆಳಿಗ್ಗೆ ಅಪ್ಪ ಕುರ್ಚಿಯಲ್ಲೇ ತೀರಿಕೊಂಡಿದ್ದ.

"ಜೇನಿಗೆ ಇನ್ನೂ ಯಾರೂ ಹೇಳಿಲ್ಲ ಅಕ್ಕ," ಎಂದ ಟೀನೆ. "ನಂಗೆ ಬಾಯೇ ಬರ್ತಿಲ್ಲ. ನೀನೇ ಬಂದು ಹೇಳು."

ಯಜಮಾನ ಸತ್ತರೆ ಒಂದೊಂದು ಗೂಡನ್ನೂ ತಟ್ಟಿ ಹೇಳಬೇಕು ಎಂಬುದು ಆ ಊರಿನ ನಂಬಿಕೆ. ಹೇಳದಿದ್ದರೆ ಹುಳುಗಳೂ ಅವನ ಹಿಂದೆಯೇ ಹೋಗುತ್ತವೆ. ಯೆರ್ನೇಯಾ ಲ್ಯಾಪ್‌ಟಾಪನ್ನೂ ಹೊತ್ತು ಊರಿಗೆ ಬಂದಳು. ಹದಿಮೂರು ಗೂಡು ತಟ್ಟಿ, ಅಪ್ಪ ಹೋದ ಎಂದು ಹದಿಮೂರು ಸಲ ಹೇಳಿದಳು. ಆಮೇಲೆ ಅಲ್ಲೇ ಕೂತು ಮನಸಾರೆ ಅತ್ತಳು.

ಕಣ್ಣೊರೆಸಿಕೊಂಡು ಬೋಜಿದಾರನ ನಿಯಮ ಅಳಿಸಿ, 'ಕೆಲವರು ಹಿಂದಿರುಗುತ್ತಾರೆ' ಎಂದು ಬರೆದಳು. ಈ ಸಲ ಇಪ್ಪತ್ತೇಳು ನಿಮಿಷ ಬಂತು. ಅವನು ಏನಾದರೂ ಅಂದುಕೊಳ್ಳಲಿ ಎಂದು ಅದನ್ನೇ ಕಳಿಸಿದಳು.

ಪರದೆಯ ಮೇಲೆ ಹಸು, ನಾಯಿ, ಅಜ್ಜಿಯನ್ನು ಕರೆತರಲೆಂದು ಎಷ್ಟೋ ಚುಕ್ಕಿಗಳು ಇಳಿದು, ಮತ್ತೆ ಹತ್ತಿದವು. ಅವಳು ಅಳಿಸಿದ್ದ ಅಪ್ಪನ ಚುಕ್ಕಿ ಮಾತ್ರ ಒಮ್ಮೆಯೂ ತಿರುಗಲಿಲ್ಲ. ನೆಟ್ಟಗೆ ಹತ್ತಿ, ಚರ್ಚನ್ನೂ ದಾಟಿ, ಹಿಂದಿನ ಸ್ಮಶಾನದಲ್ಲಿ ಅಮ್ಮನನ್ನು ಹೂಳಿದ್ದ ಜಾಗದ ಪಕ್ಕ ಹೋಗಿ ನಿಂತಿತು.