ಬಿಳಿ ಚರ್ಚಿನ ಗುಡ್ಡ

ಆ ಸೀಮೆಯಲ್ಲಿ ಗುಡ್ಡವೆಂದಮೇಲೆ ನೆತ್ತಿಯಲ್ಲೊಂದು ಬಿಳಿ ಚರ್ಚು ಇರಲೇಬೇಕು. ಸ್ಲೊವೇನಿಯಾದಲ್ಲೇ ಹುಟ್ಟಿ ಬೆಳೆದ ಯೆರ್ನೆಯಾಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಆ ಭಾನುವಾರ, ಕಡಲತೀರದಿಂದ ತನ್ನ ಪುಟ್ಟ ವಿಮಾನದಲ್ಲಿ ಮನೆಗೆ ಹೊರಟವಳು, ಮೋಡದಡಿ ಒಂದು ಚರ್ಚು ಕಂಡದ್ದೇ ತಡ, "ಅಗೋ, ನಮ್ಮೂರ ಗುಡ್ಡ" ಅಂದುಬಿಟ್ಟಳು.

ಪಕ್ಕದಲ್ಲಿ ಕೂತಿದ್ದ ಸೋದರಮಾವ ಲುಡ್ವಿಕ್ ಹಿಗ್ಗಿದ. "ಅದರ ಹಿಂದೇನೇ ನಮ್ಮ ವಿಮಾನ ನಿಲ್ದಾಣ. ನಿಮ್ಮಮ್ಮ ಇಷ್ಟೊತ್ತಿಗೆ ಒಲೆಯಿಂದ ಸೂಪು ಇಳಿಸಿರ್ತಾಳೆ."

"ನಮ್ಮ ಗುಡ್ಡದ ಕೆಳಗೆ ಹೊಳೆ ಇರ್ಬೇಕಲ್ಲ ಮಾವ?"

"ಮೋಡದಲ್ಲಿ ಮುಚ್ಚಿರುತ್ತೆ. ನಡಿ ಮುಂದೆ."

ಹೌದೇನೋ ಅನ್ನಿಸಿತು. ಅಲ್ಲವೇನೋ ಅಂತಲೂ ಅನ್ನಿಸಿತು. ನಕಾಶೆಯಲ್ಲಿ ರಸ್ತೆ ಎಡಕ್ಕಿತ್ತು, ಕಿಟಕಿಯಲ್ಲಿ ಬಲಕ್ಕೆ. ಹೊಸದಾಗಿ ಹಾಕಿದ್ದಿರಬೇಕು ಅಂದುಕೊಂಡಳು. ಅಷ್ಟರಲ್ಲಿ ಇನ್ನೊಂದು ಗುಡ್ಡ, ಇನ್ನೊಂದು ಬಿಳಿ ಚರ್ಚು. ಯಾರೋ ಮಗುವನ್ನು ಮಲಗಿಸುವುದಕ್ಕೆ ಕಂಬಳಿ ಹೊದಿಸುತ್ತಿರುವ ಹಾಗೆ ಮೋಡ ಮೆತ್ತಗೆ ಇಳಿಯುತ್ತಿತ್ತು.

"ಹಿಂದಕ್ಕೆ ಹೋಗೋಣ್ವಾ?"

"ಹೋಗು. ಬರೋ ವಾರ ಕೊರಳಿಗೆ ಬಾತುಕೋಳಿ ಹಾಕಿಸ್ಕೋ."

ಮನೆಗೆ ಬರಲಾಗದೆ ಬೇರೆ ಕಡೆ ಇಳಿದವರ ಕೊರಳಿಗೆ ಮರದ ಬಾತುಕೋಳಿ ಕಟ್ಟಿ, ಎಲ್ಲರೂ ಕ್ವಾಕ್ ಕ್ವಾಕ್ ಅನ್ನುವುದು ಅವರ ಹಾರಾಟದ ಕ್ಲಬ್ಬಿನ ಪದ್ಧತಿ. ಯೆರ್ನೆಯಾಳ ಕಿವಿ ಬಿಸಿಯಾಯಿತು. ವಿಮಾನವನ್ನು ಇನ್ನಷ್ಟು ಕೆಳಗಿಳಿಸಿ ಮುಂದಕ್ಕೇ ಹೋದಳು.

ಊರಿನ ನಿಲ್ದಾಣದಿಂದ ರೇಡಿಯೋದಲ್ಲಿ ವಿಲ್ಮಾಳ ದನಿ ಬಂತು. ಯೆರ್ನೆಯಾಗೆ ಹಾರುವುದನ್ನು ಕಲಿಸಿದವಳು ಅವಳೇ. "ಎಲ್ಲಿದ್ದೀಯೇ?"

"ಬಿಳಿ ಚರ್ಚಿನ ಗುಡ್ಡದ ಹತ್ತಿರ, ವಿಲ್ಮಕ್ಕ."

"ಚರ್ಚಿಲ್ಲದ ಗುಡ್ಡ ಕಂಡ್ರೆ ಹೇಳು ತಾಯಿ, ಬೇಗ ಹುಡುಕ್ತೀನಿ. ಎಲ್ಲಿದ್ದೀನಿ ಅಂತ ನಿಂಗೆ ನಿಜವಾಗ್ಲೂ ಗೊತ್ತಾ, ಇಲ್ಲಾ ಗೊತ್ತಿದ್ರೆ ಚೆನ್ನಾಗಿತ್ತು ಅನ್ನಿಸ್ತಿದ್ಯಾ?"

ಯೆರ್ನೆಯಾ ಇನ್ನೊಮ್ಮೆ ನಕಾಶೆ ನೋಡಿದಳು, ಕಿಟಕಿಯಾಚೆ ನೋಡಿದಳು. "ಗೊತ್ತಿಲ್ಲ ಅಕ್ಕ."

"ಹಿಂದೆ ನೆಲ ಕಾಣುತ್ತಾ?"

"ಬಿಸಿಲೇ ಇದೆ."

"ಕಾಣೋವಾಗ್ಲೇ ತಿರುಗು. ಬರೋವಾಗ ದಾಟಿ ಬಂದ್ಯಲ್ಲ, ಆ ಬಯಲಿನ ನಿಲ್ದಾಣದಲ್ಲಿ ಇಳಿ. ನಿಮ್ಮಮ್ಮಂಗೆ ನಾನು ಹೇಳ್ತೀನಿ."

ತಿರುಗುತ್ತಿದ್ದಾಗ ಮೋಡ ಒಮ್ಮೆ ಸರಿಯಿತು. ಅವರು ಹೊರಟಿದ್ದ ದಿಕ್ಕಿನಲ್ಲಿ ನಿಲ್ದಾಣ ಇರಲಿಲ್ಲ. ಬಂಡೆಯ ಗೋಡೆ ಇತ್ತು. ಇಬ್ಬರೂ ಬಯಲಿನ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿದರು.

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಮರದ ಬಾತುಕೋಳಿ ಗೋಡೆಯ ಮೊಳೆಯಿಂದ ಇಳಿಯಿತು. ಲುಡ್ವಿಕ್ ಎದ್ದು ಅದನ್ನು ಕಸಿದುಕೊಂಡು ತನ್ನ ಕೊರಳಿಗೇ ಹಾಕಿಕೊಂಡ. "ಅವಳು ವಾಪಸ್ ಕರ್ಕೊಂಡು ಬಂದ್ಲು. ನಡಿ ನಡಿ ಅಂತ ಕೂಗಿದ್ದು ನಾನು."

ಅವತ್ತು ಯಾರೂ ಕ್ವಾಕ್ ಅನ್ನಲಿಲ್ಲ. ಇನ್ನು ಬಾತುಕೋಳಿ ಯಾರ ಕೊರಳಿಗೂ ಬೇಡವೆಂದು ವಿಲ್ಮಾ ಆ ಮೊಳೆಯನ್ನೂ ಕಿತ್ತಳು.

ಪುಟ್ಟ ವಿಮಾನ ಹಾರಿಸುವ ಅಕ್ಕ ಅಣ್ಣಂದಿರೇ, ಎಲ್ಲಿಂದ ತಿರುಗಬೇಕು, ಎಲ್ಲಿ ಇಳಿಯಬೇಕು ಎಂದು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಹೊಳೆ ಕಾಣದಿದ್ದರೆ ಹೊಳೆ ಇಲ್ಲವೆಂದೇ ತಿಳಿಯಿರಿ. "ಗೊತ್ತಿಲ್ಲ" ಎಂದು ರೇಡಿಯೋದಲ್ಲಿ ಬೇಗ ಹೇಳಿ. ಪಕ್ಕದಲ್ಲಿ ಕೂರುವವರೇ, ಅವಸರ ಮಾಡಬೇಡಿ. ತಿರುಗಿ ಬಂದವರನ್ನು ಆಡಿಕೊಳ್ಳಬೇಡಿ. ಆರಿದ ಸೂಪನ್ನು ಮತ್ತೆ ಬಿಸಿ ಮಾಡಬಹುದು. ಯೆರ್ನೆಯಾಳ ಅಮ್ಮ ಅದನ್ನೇ ಮಾಡಿದಳು.